ಕೊರಿಯಾದ ಹುಡುಗ ಹುಡುಗಿಯರು ದಿನಾ ಸಿಹಿ ಡ್ರಿಂಕ್ಸ್ ಕುಡಿದರೂ ಸಣ್ಣಗೇ ಇರ್ತಾರಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಮಗಳು ಬೆಂಗಳೂರಿನ ಕೊರಿಯನ್ ಅಂಗಡಿಯಿಂದ ಮಿಲ್ಕಿಸ್ ಅನ್ನೋ ಹಾಲು ಬೆರೆತ ಸಿಹಿ ಸೋಡಾ ಡಬ್ಬಿ ತರ್ತಾಳೆ, ಬೈದರೆ "ಅಲ್ಲಿ ಹುಡುಗೀರು ದಿನಾ ಕುಡೀತಾರೆ, ಆದ್ರೂ ಎಷ್ಟು ಸಣ್ಣಗಿದಾರೆ ನೋಡು" ಅಂತಾಳೆ, ನಿಜವಾ ಅಂತ ಕೇಳಿದ್ದೀರಿ. ಅವಳ ಮಾತಿನ ಮೊದಲರ್ಧ ಹೆಚ್ಚುಕಮ್ಮಿ ನಿಜ. ಉಳಿದದ್ದು ಕೊರಿಯನ್ ಡ್ರಾಮಾ, ಅಂದರೆ ಟಿವಿ ಸೀರಿಯಲ್ಲಿನ ಕಥೆ.

ನಾನು ಏಳು ವರ್ಷದಿಂದ ಕೊರಿಯಾದ ಸುವಾನ್‌ನ ಯೊಂಗ್‌ತೊಂಗ್‌ನಲ್ಲಿದ್ದೇನೆ. ನಮ್ಮ ಮನೆಯೆದುರಿನ ರಸ್ತೆ ತುಂಬಾ ಹಾಗ್ವನ್‌ಗಳು, ಅಂದರೆ ಟ್ಯೂಷನ್ ಸೆಂಟರ್‌ಗಳು. ರಾತ್ರಿ ಹತ್ತಕ್ಕೆ ಅವನ್ನು ಮುಚ್ಚಲೇಬೇಕು ಅಂತ ಇಲ್ಲಿ ನಿಯಮ ಇದೆ. ಹತ್ತು ಹೊಡೆದದ್ದೇ ತಡ, ಸಿನಿಮಾ ಬಿಟ್ಟ ಹಾಗೆ ಮಕ್ಕಳು ಹೊರಗೆ ಬರುತ್ತಾರೆ. ಅರ್ಧ ಜನ ವ್ಯಾನ್ ಹತ್ತುತ್ತಾರೆ, ಇನ್ನರ್ಧ ಕೆಳಗಿನ ಕನ್ವೀನಿಯೆನ್ಸ್ ಸ್ಟೋರ್‌ಗೆ ನುಗ್ಗುತ್ತಾರೆ.

ಅಲ್ಲಿ ನಡೆಯೋದನ್ನು ಒಮ್ಮೆ ನೋಡಬೇಕು. ಫ್ರೀಜರ್‌ನಿಂದ ಒಂದು ಪ್ಲಾಸ್ಟಿಕ್ ಲೋಟ ತೆಗೆಯುತ್ತಾರೆ, ಅದರಲ್ಲಿ ಬರೀ ಐಸ್. ಪಕ್ಕದ ಕಪಾಟಿನಿಂದ ಒಂದು ಪೌಚ್: ಪೀಚ್ ಟೀ, ಕಾಫಿ, ಇಲ್ಲಾ ಉಜಾಲಾ ಬಣ್ಣದ ಬ್ಲೂ ಲೆಮನೇಡ್. ಲೋಟದ ಮೇಲಿನ ಹಾಳೆ ಹರಿದು, ಪೌಚ್ ಸುರಿದು, ಸ್ಟ್ರಾ ಚುಚ್ಚಿ ಹೊರಟರು. ಎರಡು ನಿಮಿಷದ ಕೆಲಸ. ಕಪಾಟಿನ ಮೇಲೆ "2+1" ಅಂತ ಚೀಟಿ ಬೇರೆ ಇರುತ್ತೆ, ಎರಡು ಕೊಂಡರೆ ಮೂರನೆಯದು ಪುಕ್ಕಟೆ. ನಾನು ಹೊಸದರಲ್ಲಿ ಆ ಲೋಟದ ಐಸ್ ಕರಗೋವರೆಗೂ ಕಾದು, ನೀರು ಕುಡಿದು ಬಂದಿದ್ದೆ. ಪೌಚ್ ಬೇರೆ ಕೊಳ್ಳಬೇಕು ಅಂತ ಗೊತ್ತೇ ಇರಲಿಲ್ಲ!

ನನ್ನ ಲೆಕ್ಕದಲ್ಲಿ ಇದು ನಾಲಿಗೆಯ ಚಪಲಕ್ಕಿಂತ ಟೈಮ್‌ಟೇಬಲ್ಲಿನ ಸಮಸ್ಯೆ. ಶಾಲೆಗೂ ಹಾಗ್ವನ್‌ಗೂ ನಡುವೆ ಸಿಗೋದು ಅರ್ಧ ಗಂಟೆ. ಅಷ್ಟರಲ್ಲಿ ಕೂತು ಊಟ ಮಾಡೋಕಾಗಲ್ಲ. ಒಂದು ತ್ರಿಕೋನ ಕಿಂಬಾಪ್ (ಕಡಲಪಾಚಿ ಹಾಳೆಯಲ್ಲಿ ಸುತ್ತಿದ ಅನ್ನ), ಒಂದು ಕಪ್ ರಾಮ್ಯನ್ (ಇನ್‌ಸ್ಟಂಟ್ ನೂಡಲ್ಸ್) ಆದರೆ ಅದೇ ರಾತ್ರಿ ಊಟ. ಉಪ್ಪು ಖಾರ ತಿಂದಮೇಲೆ ಬಾಯಿ ತಂಪು ಕೇಳುತ್ತೆ, ಅಲ್ವಾ? ತೊಕ್‌ಬೊಕ್ಕಿ, ಅಂದರೆ ಖಾರದ ಸಾಸ್‌ನಲ್ಲಿ ಬೇಯಿಸಿದ ಅಕ್ಕಿ ಕಡುಬು ಮಾರೋ ಅಂಗಡಿಗಳಲ್ಲಿ ಅದರ ಜೊತೆಗೇ ಕೂಲ್‌ಪೀಸ್ ಅನ್ನೋ ಸಿಹಿ ಪೀಚ್ ಪಾನೀಯ ಇಟ್ಟಿರ್ತಾರೆ. ನಮ್ಮಲ್ಲಿ ಮಿರ್ಚಿ ಬಜ್ಜಿ ಜೊತೆ ಟೀ ಇದ್ದ ಹಾಗೆ, ಒಂದು ಬಿಟ್ಟು ಇನ್ನೊಂದಿಲ್ಲ.

ಇದು ನಾನೊಬ್ಬ ಕಿಟಕಿಯಿಂದ ನೋಡಿ ಹೇಳೋ ಮಾತಲ್ಲ. ಇಲ್ಲಿನ ಸರ್ಕಾರ 2005ರಿಂದ ಪ್ರತಿ ವರ್ಷ ಮಿಡ್ಲ್ ಮತ್ತು ಹೈಸ್ಕೂಲ್ ಮಕ್ಕಳ ಸಮೀಕ್ಷೆ ಮಾಡುತ್ತೆ. ಈಚಿನ ವರ್ಷಗಳಲ್ಲಿ ಹತ್ತರಲ್ಲಿ ಸುಮಾರು ಆರು ಮಕ್ಕಳು ವಾರಕ್ಕೆ ಮೂರು ಸಲವಾದರೂ ಸಿಹಿ ಪಾನೀಯ ಕುಡಿಯುತ್ತಾರೆ. ಹತ್ತರಲ್ಲಿ ನಾಲ್ವರು ವಾರದಲ್ಲಿ ಐದು ದಿನ ಅಥವಾ ಇನ್ನೂ ಜಾಸ್ತಿ ದಿನ ಬೆಳಗಿನ ತಿಂಡಿ ಬಿಡುತ್ತಾರೆ. ಹೈಸ್ಕೂಲಿನವರ ನಿದ್ದೆ ಸುಮಾರು ಆರು ಗಂಟೆ. ಇನ್ನು ದಿನಕ್ಕೆ ಒಂದು ಗಂಟೆಯಂತೆ ವಾರಕ್ಕೆ ಐದು ದಿನ ಆಟ, ವ್ಯಾಯಾಮ ಅಂತ ಮೈ ದಣಿಸುವ ಹುಡುಗಿಯರು ಹತ್ತಕ್ಕೆ ಒಬ್ಬರ ಆಸುಪಾಸು. ಸಣ್ಣಗಿರೋದೂ ಎಲ್ಲರ ಕಥೆ ಅಲ್ಲ. ಬೊಜ್ಜು, ಅದರಲ್ಲೂ ಹುಡುಗರಲ್ಲಿ, ಹತ್ತು ವರ್ಷದಲ್ಲಿ ಚೆನ್ನಾಗಿಯೇ ಏರಿದೆ. ಹುಡುಗಿಯರಲ್ಲಿ ತೂಕ ಸರಿಯಾಗಿದ್ದರೂ ಡಯೆಟ್ ಮಾಡೋರು ಎಷ್ಟೋ ಜನ. ಡ್ರಾಮಾದಲ್ಲಿ ಅದನ್ನು ತೋರಿಸಲ್ಲ.

ಸರ್ಕಾರ ಸುಮ್ನೆ ಕೂತಿಲ್ಲ. ಶಾಲೆಯ ಮಧ್ಯಾಹ್ನದ ಊಟ ನಿಜಕ್ಕೂ ಚೆನ್ನಾಗಿರುತ್ತೆ, ಅನ್ನ, ಸಾರು, ತರಕಾರಿ, ಕಿಮ್ಚಿ ಎಲ್ಲಾ. 2018ರ ಸೆಪ್ಟೆಂಬರ್‌ನಿಂದ ಶಾಲೆಯೊಳಗೆ ಕಾಫಿ ಮಾರೋ ಹಾಗಿಲ್ಲ. ಜಾಸ್ತಿ ಕ್ಯಾಲರಿ, ಕಮ್ಮಿ ಪೋಷಣೆಯ ತಿಂಡಿಗಳ ಜಾಹೀರಾತು ಸಂಜೆ ಐದರಿಂದ ಏಳರವರೆಗೆ ಟಿವಿಯಲ್ಲಿ ಬರಬಾರದು. ಒಳ್ಳೇ ನಿಯಮವೇ. ಆದರೆ ಆ ಹೊತ್ತಲ್ಲಿ ಮಕ್ಕಳು ಟಿವಿ ಮುಂದೆ ಎಲ್ಲಿರ್ತಾರೆ, ಹಾಗ್ವನ್‌ನಲ್ಲಿರ್ತಾರೆ! ಸಿಹಿ ಪಾನೀಯಕ್ಕೆ ತೆರಿಗೆ ಹಾಕೋ ಮಸೂದೆ 2021ರಲ್ಲಿ ಸಂಸತ್ತಿಗೆ ಬಂತು, ಪಾಸಾಗಲಿಲ್ಲ.

ಸಕ್ಕರೆಯ ಲೆಕ್ಕ ಮಗಳಿಗೆ ಹೀಗೆ ಹೇಳಿ. 250 ಮಿಲಿ ಕೋಲಾ ಡಬ್ಬಿಯಲ್ಲಿ ಸುಮಾರು 27 ಗ್ರಾಂ ಸಕ್ಕರೆ. ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೇದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನನಗೆ ಸಕ್ಕರೆಗಿಂತ ಹೆದರಿಕೆ ಕೆಫೀನ್‌ದು. ಪರೀಕ್ಷೆ ಸಮಯದಲ್ಲಿ ಮಕ್ಕಳು ಹುಡುಕಿಕೊಂಡು ಹೋಗೋ ಅರ್ಧ ಲೀಟರಿನ ಒಂದು ಕಾಫಿ ಹಾಲಿನ ಪ್ಯಾಕೆಟ್ ಇದೆ. ಅದರಲ್ಲಿ 237 ಮಿಲಿಗ್ರಾಂ ಕೆಫೀನ್. ಹದಿಹರೆಯದವರಿಗೆ ಇಲ್ಲಿ ಹಾಕಿರೋ ಮಿತಿ ಕೆಜಿ ತೂಕಕ್ಕೆ 2.5 ಮಿಲಿಗ್ರಾಂ, ಅಂದರೆ 60 ಕೆಜಿಯ ಹುಡುಗನಿಗೆ ದಿನಕ್ಕೆ 150.

ಈಗ ಎಲ್ಲೆಲ್ಲೂ ಜೀರೋ, ಅಂದರೆ ಸಕ್ಕರೆ ಇಲ್ಲದ ಡ್ರಿಂಕ್ಸ್ ಹಾವಳಿ. ಮಿಲ್ಕಿಸ್ಸಿಗೂ ಜೀರೋ ಬಂದಿದೆ. ನಮ್ಮ ಮೇಲಿನ ಮಹಡಿಯ ಹುಡುಗಿ ಹೈಸ್ಕೂಲ್ ಎರಡನೇ ವರ್ಷ. ಮೊನ್ನೆ ರಾತ್ರಿ ಹತ್ತೂಮುಕ್ಕಾಲಿಗೆ ಲಿಫ್ಟಲ್ಲಿ ಸಿಕ್ಕಳು, ಕೈಯಲ್ಲಿ ಜೀರೋ ಡಬ್ಬಿ. ಊಟ ಆಯ್ತಾ ಅಂದೆ. ಡಬ್ಬಿ ಮೇಲೆತ್ತಿ ತೋರಿಸಿದಳು.