ಕ್ರೆಡಿಟ್ ಸಾಕಷ್ಟಿದ್ದರೂ ಡಿಗ್ರಿ ಆಡಿಟ್‌ನಲ್ಲಿ 'ಅಪೂರ್ಣ' ಯಾಕೆ?

120 ಕ್ರೆಡಿಟ್ ಮುಗಿದಿದ್ದರೂ ಡಿಗ್ರಿ ಆಡಿಟ್ (ಪದವಿಗೆ ಬೇಕಾದ್ದೆಲ್ಲ ಮುಗಿದಿದೆಯಾ ಅಂತ ಸಾಫ್ಟ್‌ವೇರ್ ಕೊಡುವ ವರದಿ) 'ಅಪೂರ್ಣ' ಅಂತ ತೋರಿಸುತ್ತಿದೆ, ಸಾಫ್ಟ್‌ವೇರ್ ತಪ್ಪಾ ಅಂತ ಕೇಳಿದ್ದೀರಿ. ಬಹುಶಃ ಅಲ್ಲ. ಆಡಿಟ್ ಸುಮ್ನೆ ಕ್ರೆಡಿಟ್ ಕೂಡಿಸುವುದಿಲ್ಲ. ಸಾಮಾನ್ಯವಾಗಿ ನೀವು ಸೇರಿದ ವರ್ಷದ ನಿಯಮ ಹಿಡಿದು, ಪ್ರತಿ ಕೋರ್ಸನ್ನೂ ಮೇಜರ್ (ಮುಖ್ಯ ವಿಷಯ), ಕಡ್ಡಾಯ, ಐಚ್ಛಿಕ ಅಂತ ಒಂದೊಂದು ಖಾನೆಗೆ ಹಾಕುತ್ತದೆ. ಐಚ್ಛಿಕದಲ್ಲಿ ಜಾಸ್ತಿ ಮಾಡಿದ್ದು ಮೇಜರ್‌ನ ಕೊರತೆ ತುಂಬುವುದಿಲ್ಲ.

ಮೊದಲು ವರದಿಯ ಕೊನೆಯ ಭಾಗ ನೋಡಿ. ಯಾವ ಖಾನೆಗೂ ಸೇರದ ಕೋರ್ಸ್‌ಗಳು ಹೆಚ್ಚಾಗಿ ಅಲ್ಲೇ ಇರುತ್ತವೆ. ಬೇರೆ ಕಾಲೇಜಿಂದ ತಂದ ಕೋರ್ಸ್ ಅಲ್ಲಿ ಬಿದ್ದಿದ್ದರೆ, ಅದನ್ನು ಬದಲಿ ಕೋರ್ಸ್ ಅಂತ ಒಪ್ಪಿಸಲು ಅಡ್ವೈಸರ್ ದಾರಿ ತೋರಿಸುತ್ತಾರೆ. ಅವರ ಹತ್ತಿರ ಹೋಗುವಾಗ ಆ ವರದಿ ಪ್ರಿಂಟ್ ತೆಗೆದುಕೊಂಡೇ ಹೋಗಿ. ಇಲ್ಲದಿದ್ದರೆ ಅರ್ಧ ಹೊತ್ತು ಕೋರ್ಸ್ ಎಣಿಸುವುದರಲ್ಲೇ ಕಳೆಯುತ್ತದೆ, ಅಲ್ವಾ? ಮೇಜರ್ ಬದಲಿಸುವ ಯೋಚನೆ ಇದ್ದರೆ 'ವಾಟ್ ಇಫ್' ಆಯ್ಕೆ (ಬೇರೆ ಮೇಜರ್ ತಗೊಂಡರೆ ಆಡಿಟ್ ಹೇಗಿರುತ್ತದೆ ಅಂತ ತೋರಿಸುವುದು) ಇದೆಯಾ ನೋಡಿ. ಅದನ್ನು ಒತ್ತಿದರೆ ನಿಮ್ಮ ದಾಖಲೆ ಏನೂ ಬದಲಾಗುವುದಿಲ್ಲ.