ಹೆಡ್‌ಮಾಸ್ತರರು 'ಅವಂಕ್ಯುಲರ್' ಆಗಬಹುದಾ?

ಪ್ರಶ್ನೆ: ನಮ್ಮ ಹೆಡ್‌ಮಾಸ್ತರರು ನಿವೃತ್ತರಾಗುತ್ತಿದ್ದಾರೆ. ಇಂಗ್ಲಿಷ್ ಮಾನಪತ್ರದಲ್ಲಿ 'ಹಿ ಈಸ್ ಅವಂಕ್ಯುಲರ್ ಟು ಮಿ' ಎಂದು ಬರೆದೆ. 'ಅವರೇನು ನಿನಗ ಕಾಕಾ ಆಗಬೇಕೇನು?' ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದಾರೆ. ತಪ್ಪಾ?
– ಶಿಕ್ಷಕರು, ಜಮಖಂಡಿ

ಉತ್ತರ: ಪದ ಸರಿ ಇದೆ, ವಾಕ್ಯ ಕುಂಟುತ್ತಿದೆ. ನಕ್ಕವರಿಗೂ ಒಂದು ಮಾತು: ಕಾಕಾ ಅಲ್ಲ, ಮಾಮಾ. ಇದರ ಮೂಲ ಲ್ಯಾಟಿನ್ ಪದಕ್ಕೆ ತಾಯಿಯ ತಮ್ಮ ಅಥವಾ ಅಣ್ಣ ಎಂದೇ ಅರ್ಥ. ಕಾಕಾನಿಗೆ ರೋಮನ್ನರು ಬೇರೆ ಪದ ಇಟ್ಟುಕೊಂಡಿದ್ದರು. ಅದು ಸದಾ ಗದರಿಸುವ ಬಿಗಿ ಮನುಷ್ಯನಿಗೆ ಅಡ್ಡಹೆಸರೂ ಆಗಿತ್ತು! ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ಕಾಕಾ ಮಾರ್ಕ್ಸ್ ಕಾರ್ಡ್ ಕೇಳುತ್ತಾನೆ, ಮಾಮಾ ಜಾತ್ರೆಗೆ ರೊಕ್ಕ ಕೊಡುತ್ತಾನೆ. ಇಂಗ್ಲಿಷಿನವರು ಇಬ್ಬರನ್ನೂ 'ಅಂಕಲ್' ಮಾಡಿ ಕೈ ತೊಳೆದುಕೊಂಡರು. ಆ 'ಅಂಕಲ್' ಹುಟ್ಟಿದ್ದೂ ಅದೇ ಮಾಮಾನ ಪದದಿಂದ.

ಈಗ ಈ ಪದ ನೆಂಟಸ್ತಿಕೆಯನ್ನು ಹೇಳುವುದಕ್ಕಿಂತ ಸ್ವಭಾವವನ್ನು ಹೇಳುವುದೇ ಜಾಸ್ತಿ. ವಯಸ್ಸಾದ ಗಂಡಸು ಕಿರಿಯರ ಜೊತೆ ಸಲಿಗೆಯಿಂದ, ಅಕ್ಕರೆಯಿಂದ ಇದ್ದರೆ ಅವನು ಅವಂಕ್ಯುಲರ್. ನಗು, ದನಿ, ಬುದ್ಧಿಮಾತಿಗೂ ಹೇಳಬಹುದು. ನೀವು 'ಟು ಮಿ' ತೆಗೆಯಿರಿ. 'ಹಿ ವಾಸ್ ಆ್ಯನ್ ಅವಂಕ್ಯುಲರ್ ಹೆಡ್‌ಮಾಸ್ಟರ್' ಎಂದರೆ ಸಾಕು. ಪ್ರೆಸ್ಸಿನಲ್ಲಿ 'ಆ್ಯನ್' ಹೋಗಿ 'ಎ' ಆಗದಂತೆ ಪ್ರೂಫ್ ನೀವೇ ನೋಡಿ.

ವಯಸ್ಸೂ ಮುಖ್ಯ. ವಿಜಯಪುರದ ಒಂದು ಸತ್ಕಾರದಲ್ಲಿ ಮೂವತ್ತೂ ದಾಟದ ಅಧಿಕಾರಿಯನ್ನು ನಿರೂಪಕರು ಮೈಕಿನಲ್ಲಿ 'ಅವರ್ ಅವಂಕ್ಯುಲರ್ ಆಫೀಸರ್' ಎಂದರು. ಪಾಪ, ಅವರು ಮೆಲ್ಲಗೆ ತಲೆಗೂದಲು ಸವರಿಕೊಂಡರು. ನಿರೂಪಕರ ಕೈಯಲ್ಲಿ ಯಾವುದೋ ಕ್ಲಾಸಿನವರು ಕೊಟ್ಟ 'ಇಂಪ್ರೆಸ್ ಮಾಡುವ ನೂರು ಪದಗಳು' ಜೆರಾಕ್ಸ್ ಇತ್ತು. ಪದದ ಎದುರು ಒಂದೇ ಅರ್ಥ: 'ದಯಾಳು'. ಹೀಗೆ ಕಲಿಸಿ ಫೀಸು ತೆಗೆದುಕೊಳ್ಳುವವರಿಗೆ ಏನು ಹೇಳುವುದು? ದಯೆ ಇದ್ದವರೆಲ್ಲ ಅವಂಕ್ಯುಲರ್ ಆಗುವುದಿಲ್ಲ. ಹೆಣ್ಣುಮಕ್ಕಳಿಗಂತೂ ಬಳಸಲೇಬೇಡಿ.

ಇನ್ನೊಂದು ಎಚ್ಚರಿಕೆ. ಸಮವಯಸ್ಕರ ಹೆಗಲ ಮೇಲೆ ಕೈಯಿಟ್ಟು ಉಪದೇಶ ಕೊಡುವವರಿಗೆ ಇದೇ ಪದವನ್ನು ಕುಟುಕಲೂ ಬಳಸುತ್ತಾರೆ. ನಿಮ್ಮ ಹೆಡ್‌ಮಾಸ್ತರರು ಬೆತ್ತದಿಂದಲೇ ಹೆಸರಾದವರಾಗಿದ್ದರೆ ಸುಮ್ನೆ ಬಿಟ್ಟುಬಿಡಿ, ಸಭೆಯೇ ನಕ್ಕುಬಿಡುತ್ತದೆ. ನನ್ನನ್ನು ಕೇಳಿದರೆ ಮಾನಪತ್ರವನ್ನು ಕನ್ನಡದಲ್ಲೇ ಬರೆಯಿರಿ. ಫ್ರೇಮ್ ಹಾಕಿಸಿದ ಮೇಲೆ ಅವರ ಮನೆಯವರೂ ಓದಬೇಕಲ್ಲ.

ಪ್ರಶ್ನೆ: ತುಂಬ ಪ್ರಸಿದ್ಧರಿಗೆ 'ನಟೋರಿಯಸ್' ಎನ್ನಬಹುದೇ? – ಗೋಕಾಕ
ಉತ್ತರ: ಅವರು ಕಳ್ಳರಾಗಿದ್ದರೆ ಧಾರಾಳವಾಗಿ.

ಪ್ರಶ್ನೆ: ದಿನಕ್ಕೆ ಹತ್ತು ಕಠಿಣ ಪದ ಬಾಯಿಪಾಠ ಮಾಡಿದರೆ ಇಂಟರ್‌ವ್ಯೂ ಪಾಸಾಗುತ್ತದಂತೆ? – ಇಂಡಿ
ಉತ್ತರ: ಇಲ್ಲ. ಮುಂದಿನ ವಾರವೂ ಇದನ್ನೇ ಕೇಳಬೇಡಿ.

ಪ್ರಶ್ನೆ: ಮಗಳ ಬಯೋಡೇಟಾದಲ್ಲಿ 'ಹೋಮ್ಲಿ' ಹಾಕಿದ್ದೇವೆ. ವರ ಅಮೆರಿಕದಲ್ಲಿದ್ದಾನೆ. – ಮುಧೋಳ
ಉತ್ತರ: ಇವತ್ತೇ ತೆಗೆಸಿ. ಅಲ್ಲಿ ಅದರರ್ಥ 'ನೋಡಲು ಅಷ್ಟಕ್ಕಷ್ಟೇ'.