ಕ್ರೈಂ ಸುದ್ದಿ ನೋಡಿ ಅಮ್ಮನಿಗೆ ಭಯ: ಕಾಲ ನಿಜಕ್ಕೂ ಕೆಟ್ಟಿದೆಯೇ?

ಪ್ರಶ್ನೆ: ಅಮ್ಮ ದಿನವಿಡೀ ಟಿವಿಯಲ್ಲಿ ಕ್ರೈಂ ಸುದ್ದಿ ನೋಡುತ್ತಾರೆ. ‘ಕಾಲ ಕೆಟ್ಟುಹೋಯಿತು, ಯಾರನ್ನೂ ನಂಬಬೇಡ’ ಎನ್ನುತ್ತಾರೆ. ನಾನು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ನಾಲ್ಕು ಸಲ ಫೋನ್. ಅಪರಾಧ ಅಷ್ಟೊಂದು ಜಾಸ್ತಿಯಾಗಿದೆಯೇ?

ಉತ್ತರ: ಅಮ್ಮನ ಭಯ ಸುಳ್ಳಲ್ಲ. ಎಣಿಕೆ ತಪ್ಪಿರಬಹುದು. ಒಂದೇ ಕೊಲೆ ಬೆಳಗ್ಗೆ ಬ್ರೇಕಿಂಗ್ ನ್ಯೂಸ್, ಮಧ್ಯಾಹ್ನ ಚರ್ಚೆ, ರಾತ್ರಿ ಸಿಸಿಟಿವಿ ದೃಶ್ಯ. ನೋಡಿದವರ ಮನಸ್ಸಿನಲ್ಲಿ ಅದು ಹತ್ತು ಕೊಲೆಯಾಗಿ ಕೂರುತ್ತದೆ. ಅಮೆರಿಕದ ಉದಾಹರಣೆ ನೋಡಿ. 1993ರಿಂದ 2019ರ ನಡುವೆ ಅಲ್ಲಿ ಹಿಂಸಾಪರಾಧದ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆದರೂ ಬಹುತೇಕ ಪ್ರತಿ ಸಮೀಕ್ಷೆಯಲ್ಲೂ ಹೆಚ್ಚಿನವರು ‘ಕಳೆದ ವರ್ಷಕ್ಕಿಂತ ಈಗ ಜಾಸ್ತಿ’ ಎಂದೇ ಹೇಳುತ್ತಿದ್ದರು.

ಎಷ್ಟು ಭಯ ಎನ್ನುವುದಕ್ಕಿಂತ ಯಾರ ಬಗ್ಗೆ ಭಯ ಎನ್ನುವುದು ನನಗೆ ದೊಡ್ಡ ವಿಷಯ. ಸುದ್ದಿಗೆ ಕತ್ತಲ ರಸ್ತೆಯ ಅಪರಿಚಿತ ಬೇಕು. ಆದರೆ ವಿಶ್ವಸಂಸ್ಥೆಯ ಅಂದಾಜಿನಲ್ಲಿ 2023ರಲ್ಲಿ ಜಗತ್ತಿನಾದ್ಯಂತ ಕೊಲೆಯಾದ ಸುಮಾರು 85,000 ಹೆಣ್ಣುಮಕ್ಕಳಲ್ಲಿ ಸುಮಾರು 51,000 ಮಂದಿಯನ್ನು ಕೊಂದದ್ದು ಗಂಡ, ಸಂಗಾತಿ ಅಥವಾ ಮನೆಯವರೇ. ಬೀದಿಗೆ ಹೆದರಿ ಬಾಗಿಲು ಹಾಕಿಕೊಳ್ಳುತ್ತೇವೆ, ಅಲ್ವಾ?

ಪತ್ರಿಕೆಗಳು ಒಂದು ಗುಂಪನ್ನೇ ಖಳನಾಯಕರನ್ನಾಗಿ ಮಾಡಿದ್ದೂ ಇದೆ. 1964ರ ಈಸ್ಟರ್ ರಜೆಯಲ್ಲಿ ಇಂಗ್ಲೆಂಡಿನ ಕ್ಲಾಕ್ಟನ್ ಎಂಬ ಕಡಲೂರಿನಲ್ಲಿ ಸ್ಕೂಟರ್ ಓಡಿಸುವ ಹುಡುಗರ ಗುಂಪಿಗೂ ಬೈಕ್ ಓಡಿಸುವ ಹುಡುಗರ ಗುಂಪಿಗೂ ಸಣ್ಣಪುಟ್ಟ ಗಲಾಟೆಯಾಯಿತು. ಚಳಿ, ಮಳೆ, ಮಾಡಲು ಕೆಲಸವಿಲ್ಲ. ಪತ್ರಿಕೆಗಳು ಊರಿಗೇ ದಾಳಿಯಾದಂತೆ ಬರೆದವು. ಇದನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೋಹೆನ್ ಗಮನಿಸಿದಂತೆ, ಮಗುಚಿದ ಒಂದು ದೋಣಿ ವರದಿಯಲ್ಲಿ ‘ದೋಣಿಗಳು’ ಆಗಿತ್ತು. ಬರೀ ಒಂದು ‘ಗಳು’! ಮುಂದಿನ ರಜೆಗಳಲ್ಲಿ ಕಡಲೂರುಗಳಿಗೆ ಪೊಲೀಸರೂ ಜಾಸ್ತಿ ಬಂದರು, ಗಲಾಟೆ ನೋಡಲು ಹುಡುಗರೂ ಬಂದರು, ಬಂಧನಗಳೂ ಆದವು. ಪತ್ರಿಕೆ ಬರೆದದ್ದೇ ನಿಜವೆಂಬಂತೆ ಕಂಡಿತು.

ಹಾಗಂತ ಎಲ್ಲವನ್ನೂ ಟಿವಿಯ ತಲೆಗೆ ಕಟ್ಟುವಂತಿಲ್ಲ. ಹೆಚ್ಚು ಟಿವಿ ನೋಡುವವರಿಗೆ ಲೋಕ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ ಎಂದು ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್ 1970ರ ದಶಕದಲ್ಲೇ ಹೇಳಿದ್ದರು. ಆದರೆ ಹೆದರಿದವರೇ ಮನೆಯಲ್ಲಿ ಕೂತು ಜಾಸ್ತಿ ಟಿವಿ ನೋಡುತ್ತಿರಬಹುದು. ಇನ್ನು ಪೊಲೀಸ್ ಅಂಕಿಅಂಶವೂ ಪೂರ್ತಿ ಚಿತ್ರವಲ್ಲ. ದೂರು ಕೊಡದ ಹಿಂಸೆ ಅಲ್ಲಿಗೆ ಬರುವುದೇ ಇಲ್ಲ.

ಅಮ್ಮನ ಹತ್ತಿರ ವಾದ ಬೇಡ. ಒಂದು ಸಂಜೆ ಜೊತೆಗೆ ಕೂತು ಸುದ್ದಿ ನೋಡಿ. ಇದು ಹೊಸ ಘಟನೆಯೋ, ನಿನ್ನೆಯದೋ, ಎಲ್ಲಿ ನಡೆದದ್ದು ಎಂದು ಸುಮ್ನೆ ಕೇಳುತ್ತಾ ಹೋಗಿ. ಬೇರೆ ಬೇರೆ ಘಟನೆಗಳು ಎಷ್ಟು ಎಂದು ಅವರೇ ಎಣಿಸಲಿ. ತಡವಾಗುವ ದಿನ ಮಾತ್ರ ನೀವೇ ಮೊದಲು ಫೋನ್ ಮಾಡಿ.